ಎಲೆ ಎಣಿಸುವ ವಿದ್ಯೆ

2025ರ ಆಗಸ್ಟ್ ಕೊನೆಯ ವಾರ ಅಕ್ಕನ ಮಗ ಫೋನ್ ಮಾಡಿದ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನಿಗೆ ಆ ತಿಂಗಳ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತ್ತು. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ಅವನು ರಾತ್ರಿ ಹೊತ್ತು ಮೊಬೈಲಿನಲ್ಲಿ ಪೋಕರ್ ಆಡುತ್ತಿದ್ದ. ಸಂಬಳ ಕೈಯಲ್ಲಿ ನಿಲ್ಲುತ್ತಿಲ್ಲ ಎಂದು ಅಕ್ಕ ನನ್ನ ಹತ್ತಿರ ಕಣ್ಣೀರು ಹಾಕಿದ್ದಳು. ಮನೆಯವರೆಲ್ಲ ಬಿಡು ಬಿಡು ಎನ್ನುತ್ತಿದ್ದಾಗ ನಾನೊಬ್ಬಳು, ಆಡುವುದಾದರೆ ಲೆಕ್ಕ ಕಲಿತು ಆಡು ಎನ್ನುತ್ತಿದ್ದೆ. ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದು ಫೋಟೋ ತೆಗೆದು ಕಳಿಸಿದ್ದೂ ಉಂಟು. ಅವನು ಅದನ್ನು ತೆರೆದು ನೋಡಿದವನಲ್ಲ.

"ಚಿಕ್ಕಮ್ಮ, ಆ್ಯಪ್‌ನಲ್ಲಿ ದುಡ್ಡಿನಾಟ ನಿಂತೋಯ್ತು. ಇನ್ನು ನಿಮ್ಮ ಪರ್ಸೆಂಟೇಜ್ ಪಾಠದಿಂದ ನಾನು ಬಚಾವ್" ಅಂದ.

ಆಟ ನಿಂತ ಬೇಸರಕ್ಕಿಂತ ಪಾಠ ತಪ್ಪಿದ ನಿರಾಳವೇ ಅವನ ದನಿಯಲ್ಲಿ ಹೆಚ್ಚಿತ್ತು. ಆ ನಿರಾಳ ನನಗೆ ಚೆನ್ನಾಗಿ ಗೊತ್ತು. ಎಸ್ಸೆಸ್ಸೆಲ್ಸಿ ಗಣಿತದ ಪರೀಕ್ಷೆ ಬರೆದು ಬಂದ ಮಧ್ಯಾಹ್ನ ಪುಸ್ತಕವನ್ನು ಅಟ್ಟಕ್ಕೆ ಹಾಕಿ, ಇನ್ನು ಈ ಜನ್ಮದಲ್ಲಿ ಇದರ ಮುಖ ನೋಡಬೇಕಾಗಿಲ್ಲ ಎಂದುಕೊಂಡಾಗ ನನಗೂ ಹಾಗೇ ಹಗುರವಾಗಿತ್ತು. ಫೋನ್ ಇಟ್ಟ ಮೇಲೆ ಬನ್ನಿಮಂಟಪದ ಹಳೆಯ ಬೀದಿ, ಎದುರು ಸಾಲಿನ ಮಹಡಿ ಕೋಣೆ, ಅಲ್ಲಿ ಕೂತು ಇಸ್ಪೀಟಾಡುತ್ತಿದ್ದ ಗಂಡಸರು, ಒಬ್ಬೊಬ್ಬರೇ ನೆನಪಿಗೆ ಬರತೊಡಗಿದರು.

ಎಂಬತ್ತರ ದಶಕದ ಬನ್ನಿಮಂಟಪ ಎಂದರೆ ಮೈಸೂರಿನ ಅಂಚು. ಅರಮನೆ ಕಡೆಯಿಂದ ಸಯ್ಯಾಜಿರಾವ್ ರಸ್ತೆ ಹಿಡಿದು ಬಂದರೆ ಬಂಬೂ ಬಜಾರ್ ಕಳೆದ ಮೇಲೆ ಊರು ತೆಳ್ಳಗಾಗುತ್ತಿತ್ತು. ಲಾರಿ ಷೆಡ್ಡುಗಳು, ಗೋದಾಮುಗಳು, ಕೆಎಸ್ಸಾರ್ಟಿಸಿ ಡಿಪೋ, ಆಚೆಗೆ ಬೆಂಗಳೂರು ರಸ್ತೆ. ವರ್ಷವಿಡೀ ಯಾರಿಗೂ ಬೇಡವಾದ ನಮ್ಮ ಬಡಾವಣೆಗೆ ವಿಜಯದಶಮಿಯ ಒಂದು ದಿನ ಮಾತ್ರ ಇಡೀ ರಾಜ್ಯವೇ ಬರುತ್ತಿತ್ತು. ಅಂಬಾರಿ ಹೊತ್ತ ಆನೆ ಅರಮನೆಯಿಂದ ಐದು ಕಿಲೋಮೀಟರ್ ನಡೆದು ಬನ್ನಿಮಂಟಪ ಮುಟ್ಟುವ ಹೊತ್ತಿಗೆ ಬೆಳಕು ಸರಿಯುತ್ತಿತ್ತು. ಆಮೇಲೆ ಮೈದಾನದಲ್ಲಿ ಪಂಜಿನ ಕವಾಯತು. ಪಾಸು ಸಿಗದ ನಾವು ಮಕ್ಕಳು ಯಾರದೋ ತಾರಸಿ ಹತ್ತಿ ಕೂತು, ಕತ್ತಲಲ್ಲಿ ಪಂಜುಗಳು ಸಾಲು ಕಟ್ಟಿ ಅಕ್ಷರಗಳಾಗುವುದನ್ನು ಬಾಯಿ ಬಿಟ್ಟು ನೋಡುತ್ತಿದ್ದೆವು. ಈಗ ಅದೇ ಮೈದಾನದ ಮೇಲೆ ಡ್ರೋನ್‌ಗಳು ಹಾರಿ ಆಕಾಶದಲ್ಲಿ ಚಿತ್ರ ಬಿಡಿಸುತ್ತವೆ. ಲಾರಿ ಷೆಡ್ಡುಗಳಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿವೆ. ಬೆಂಗಳೂರಿನ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಬರುವವರಿಗೆ ನಮ್ಮ ಅಂಚೇ ಊರಿನ ಬಾಗಿಲಾಗಿದೆ.

ಅಪ್ಪನನ್ನು ನಾವು ಅಣ್ಣ ಎನ್ನುತ್ತಿದ್ದೆವು. ಅಣ್ಣ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಶನಿವಾರ ಸಂಜೆಯಾದರೆ ಎದುರು ಸಾಲಿನ ಮಹಡಿಗೆ ಹೋಗುವರು. ಲಾರಿ ಬುಕಿಂಗ್ ಆಫೀಸಿನವರೊಬ್ಬರು, ಡಿಪೋದ ಮೆಕ್ಯಾನಿಕ್, ಊದುಬತ್ತಿ ವ್ಯಾಪಾರಿ, ಒಬ್ಬ ಡ್ರಿಲ್ ಮೇಷ್ಟರು, ಅಲ್ಲಿಗೆ ಖಾಯಂ ಜನ. ಜಮಖಾನದ ಮೇಲೆ ವೃತ್ತವಾಗಿ ಕೂತು ರಮ್ಮಿ ಆಡುವರು. ಶಿವರಾತ್ರಿಯ ಜಾಗರಣೆಗಂತೂ ಆಟ ಬೆಳಗಿನ ಜಾವದವರೆಗೆ. ಫ್ಲಾಸ್ಕಿನಲ್ಲಿ ಕಾಫಿ ಕೊಟ್ಟು ಬರುವ ಕೆಲಸ ನನ್ನದು. ಕೊಟ್ಟ ಮೇಲೂ ಅಣ್ಣನ ಬೆನ್ನಿಗೆ ಒರಗಿ ಕೂತಿರುತ್ತಿದ್ದೆ, ಯಾರೂ ಎಬ್ಬಿಸುತ್ತಿರಲಿಲ್ಲ. ಎಕ್ಕ, ರಾಜ, ರಾಣಿ, ಗುಲಾಮ, ಇಸ್ಪೀಟು, ಆಟೀನು, ಡೈಮನ್, ಕಳಾವರ್ ಎಲ್ಲವನ್ನೂ ಶಾಲೆಗೆ ಮೊದಲು ಆ ಬೆನ್ನ ಹಿಂದೆಯೇ ಕಲಿತೆ.

ಆ ಕೋಣೆಯಲ್ಲಿ ಎಲ್ಲಕ್ಕೂ ಕಾರಣ ಕೈಗುಣ. ಎಲೆ ಚೆನ್ನಾಗಿ ಬಂದರೆ ಬಲಗಡೆ ಕೂತದ್ದರಿಂದ, ಬಾರದಿದ್ದರೆ ಬರುವಾಗ ಬೆಕ್ಕು ಅಡ್ಡ ಬಂದದ್ದರಿಂದ. "ಇವತ್ತು ಎಲೆ ಬೀಳ್ತಾ ಇಲ್ಲ ಕಣಯ್ಯ" ಎಂದು ಒಬ್ಬರು ಅಂದರೆ ಉಳಿದವರು ಸಾವಿನ ಮನೆಯಲ್ಲಿ ಅನ್ನುವಷ್ಟು ಗಂಭೀರವಾಗಿ ತಲೆ ಆಡಿಸುವರು. ಇದಕ್ಕೆ ಹೊರತಾಗಿದ್ದವರು ಒಬ್ಬರೇ. ಹತ್ತಿರದ ವಿಮಾ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಅವರನ್ನು ನಾವು ಮಕ್ಕಳು ಲೆಕ್ಕದ ಮಾವ ಎನ್ನುತ್ತಿದ್ದೆವು. ಯಾವ ವಯಸ್ಸಿನವರು ಸಾವಿರ ಜನರಿದ್ದರೆ ವರ್ಷಕ್ಕೆ ಎಷ್ಟು ಜನ ಹೋಗುತ್ತಾರೆ ಎಂಬ ಪಟ್ಟಿಗಳ ನಡುವೆ ಹಗಲು ಕಳೆಯುತ್ತಿದ್ದ ಮನುಷ್ಯ. ಆಟದಲ್ಲಿ ಮಾತಿಲ್ಲ, ಕಣ್ಣು ಸದಾ ನಡುವೆ ಬೀಳುವ ಎಲೆಗಳ ಮೇಲೆ.

ಒಂದು ರಾತ್ರಿಯ ಕೈ ನನಗೆ ಈಗಲೂ ಎದುರಿಗಿದೆ. ಅಣ್ಣನ ಕೈಯಲ್ಲಿ ಆಟೀನು ಆರು ಮತ್ತು ಎಂಟು. ಏಳು ಬಂದರೆ ಜೋಡಣೆ ಮುಗಿದು ಆಟ ಅವರದು. ಪ್ರತಿ ಸಲ ಗಡ್ಡಿಯಿಂದ ಎಲೆ ಎತ್ತುವಾಗ ಅಣ್ಣ ಅದನ್ನು ಒಮ್ಮೆ ಹಣೆಗೆ ಒತ್ತಿಕೊಂಡು ಆಮೇಲೆ ನೋಡುವರು. ಏಳು ಬರಲೇ ಇಲ್ಲ. ಆಟ ಸೋತು ಎಲೆ ಕೆಳಗಿಟ್ಟಾಗ ಲೆಕ್ಕದ ಮಾವ ಅಣ್ಣನಿಗೆ ಏನೂ ಹೇಳಲಿಲ್ಲ. ಬಿದ್ದ ಎಲೆಗಳ ರಾಶಿಯನ್ನು ಹರಡಿ, ಅದರಿಂದ ಎರಡು ಎಲೆಗಳನ್ನು ಬೆರಳಿನಿಂದ ನನ್ನ ಕಡೆಗೆ ಸರಿಸಿದರು. ಎರಡೂ ಆಟೀನು ಏಳು. ಎರಡು ಕಟ್ಟು ಕಲೆಸಿ ಆಡುವ ಆಟ, ಇದ್ದದ್ದೇ ಎರಡು ಏಳು, ಎರಡೂ ಆಗಲೇ ಬಿದ್ದು ಮುಗಿದಿದ್ದವು. ಅಣ್ಣ ಕಾಯುತ್ತಿದ್ದ ಎಲೆ ಗಡ್ಡಿಯಲ್ಲಿ ಇರಲೇ ಇಲ್ಲ.

"ಕೈಯಲ್ಲಿರೋದನ್ನ ಎಲ್ರೂ ನೋಡ್ತಾರೆ ಮಗು. ಕೆಳಗೆ ಬಿದ್ದಿದ್ದನ್ನ ನೋಡು" ಎಂದರು ಮಾವ.

ಅವರು ಸಾಮಾನ್ಯವಾಗಿ ಗೆದ್ದೇ ಮನೆಗೆ ಹೋಗುವರು. ಅದಕ್ಕೇ ಯಾರಿಗೂ ಅವರನ್ನು ಕಂಡರೆ ಆಗುತ್ತಿರಲಿಲ್ಲ. "ಆ ಮನುಷ್ಯ ಆಟ ಆಡಲ್ಲ, ಆಡಿಟ್ ಮಾಡ್ತಾನೆ" ಎಂದು ಊದುಬತ್ತಿ ವ್ಯಾಪಾರಿ ಹೇಳಿದ್ದು ಬೀದಿಯಲ್ಲೆಲ್ಲ ಹಬ್ಬಿತು. ಅಣ್ಣನೂ ಅದನ್ನು ಮನೆಯಲ್ಲಿ ಹೇಳಿ ನಕ್ಕರು. ಅಣ್ಣನ ಮೇಲಿನ ಪ್ರೀತಿಗೆ ನಾನೂ ನಕ್ಕೆ. ಲೆಕ್ಕ ಹಾಕುವವರು ರಸವಿಲ್ಲದವರು, ಕೈಗುಣವನ್ನು ನಂಬುವವರು ಹೃದಯವಂತರು ಎಂಬ ಭಾವನೆ ನನ್ನೊಳಗೆ ಹೊಕ್ಕದ್ದು ಆಗಲೇ ಇರಬೇಕು. ಅಲ್ಲಿಂದ ಅದು ಇಪ್ಪತ್ತೈದು ವರ್ಷ ಕದಲಲಿಲ್ಲ.

ಆದರೆ ನಮ್ಮ ಮನೆಯೊಳಗೇ ಇನ್ನೊಬ್ಬ ಲೆಕ್ಕಗಾರ್ತಿ ಇದ್ದರು. ಅಜ್ಜಿ. ಸ್ಲೇಟು ಹಿಡಿದವರಲ್ಲ, ಸಹಿ ಮಾಡಲು ಮಾತ್ರ ಕಲಿತಿದ್ದರು. ಮಧ್ಯಾಹ್ನ ಊಟವಾದ ಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆಗಳ ಚೌಕಾಬಾರ ಬರೆದು ನಮ್ಮನ್ನು ಕೂರಿಸಿಕೊಳ್ಳುವರು. ನಾಲ್ಕು ಕವಡೆ. ಎಷ್ಟು ಬಾಯಿ ಮೇಲಾಗಿ ಬಿದ್ದವೋ ಅಷ್ಟು ಮನೆ, ನಾಲ್ಕೂ ಬಾಯಿ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಎಂಟು ಮನೆ. ಅಜ್ಜಿಯ ಕಾಯಿ ಕಡಿಯುವುದು ಬಹಳ ಕಷ್ಟ. "ಬೇರೆಯವರ ಕಾಯಿಗೆ ಎರಡು ಮನೆ ಮುಂದೆ ಯಾವತ್ತೂ ನಿಲ್ಲಬಾರದು ಕಣೇ, ಎರಡೇ ಜಾಸ್ತಿ ಬೀಳೋದು. ನಾಲ್ಕು ಮನೆ ಮುಂದೆ ನಿಂತ್ಕೋ, ಭಯ ಇಲ್ಲ" ಎನ್ನುವರು. ಕವಡೆಯ ಎರಡು ಮಗ್ಗುಲೂ ಸಮನಾಗಿ ಬೀಳುತ್ತವೆ ಎಂದಿಟ್ಟುಕೊಂಡರೆ ಒಟ್ಟು 16 ಬಗೆಯಲ್ಲಿ ಅವು ಬೀಳಬಹುದು. ಅದರಲ್ಲಿ ಎರಡು ಬೀಳುವ ಬಗೆ 6, ಒಂದು ಮತ್ತು ಮೂರು ತಲಾ 4, ಚೌಕ ಒಂದು, ಬಾರ ಒಂದು. ಅಜ್ಜಿಯ ಮಾತು ಹದಿನಾರಾಣೆ ಸರಿ. ಅಷ್ಟೇ ಅಲ್ಲ, ನಿಜವಾದ ಕವಡೆ ಸಮನಾಗಿ ಬೀಳುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ತಮ್ಮ ಡಬ್ಬಿಯ ಯಾವ ಕವಡೆ ಮಗ್ಗುಲು ತಿರುಗುವುದು ಕಡಿಮೆ ಎಂದು ನೋಡದೆ, ಮುಟ್ಟಿಯೇ ಹೇಳುವರು.

ಇದನ್ನು ಗಣಿತ ಎಂದು ನನಗೆ ಯಾರೂ ಹೇಳಲಿಲ್ಲ. ಗಣಿತ ಇದ್ದದ್ದು ಶಾಲೆಯಲ್ಲಿ. ಬೋರ್ಡಿನ ಮುಂದೆ ನಿಲ್ಲಿಸಿ, ಉತ್ತರ ಬಾರದಿದ್ದರೆ ತರಗತಿ ಮುಗಿಯುವವರೆಗೂ ಅಲ್ಲೇ ಬಿಡುವ ಮೇಷ್ಟರು ನಮಗಿದ್ದರು. "ನಿನಗೆ ಪದ್ಯ ಬಾಯಿಪಾಠ ಬರುತ್ತಲ್ಲ, ಸಾಕು ಬಿಡು" ಎಂದು ಅವರು ಅಂದದ್ದು ಆಗ ಹೊಗಳಿಕೆಯ ಹಾಗೇ ಕೇಳಿಸಿತ್ತು. ಮಗುವೊಂದಕ್ಕೆ ಒಂದು ವಿದ್ಯೆ ಹತ್ತುವುದಿಲ್ಲ ಎಂದು ಹೇಳಿಬಿಡುವುದು ಎಂಥ ಹಗುರವಾದ ಕ್ರೌರ್ಯ ಎಂದು ಈಗ ಅನ್ನಿಸುತ್ತದೆ. ನಾನು ಕನ್ನಡ ಎಂ.ಎ. ಮಾಡಲು ಮಾನಸಗಂಗೋತ್ರಿಗೆ ಹೋದೆ. ಅಂಕಿಗಳಿಲ್ಲದ ಬದುಕು ಸಿಕ್ಕಿತು ಎಂದುಕೊಂಡೆ.

ಎಂ.ಎ. ಆದ ಮೇಲೆ ಬೆಂಗಳೂರು. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೈಪಿಡಿಗಳನ್ನು ಬರೆಯುವ, ತಿದ್ದುವ ಕೆಲಸ. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಅಮೆರಿಕದ ಅಕೌಂಟೆಂಟ್ ಒಬ್ಬ ಆನ್‌ಲೈನ್ ಪಂದ್ಯದ ಮೂಲಕ ಪ್ರವೇಶ ಗಿಟ್ಟಿಸಿ, ಪೋಕರಿನ ವಿಶ್ವ ಸರಣಿಯಲ್ಲಿ 25 ಲಕ್ಷ ಡಾಲರ್ ಗೆದ್ದ ಮೇಲೆ ಆ ಆಟದ ಹುಚ್ಚು ಎಲ್ಲ ಕಡೆ ಹಬ್ಬಿತ್ತು. ನಮ್ಮ ಆಫೀಸಿಗೂ ಬಂತು. ಶುಕ್ರವಾರ ರಾತ್ರಿ ಜಯನಗರದ ಒಬ್ಬ ಸಹೋದ್ಯೋಗಿಯ ಮನೆಯಲ್ಲಿ ಆಟ. ತಲೆಗೆ ಇನ್ನೂರು ರೂಪಾಯಿ, ಪ್ಲಾಸ್ಟಿಕ್ ಬಿಲ್ಲೆಗಳು. ಮಹಡಿ ಕೋಣೆಯಲ್ಲಿ ನನ್ನ ಜಾಗ ಕಾಫಿ ಫ್ಲಾಸ್ಕಿನ ಪಕ್ಕದಲ್ಲಿತ್ತು. ಇಲ್ಲಿ ನನಗೂ ಎಲೆ ಹಂಚಿದರು. ಮೊದಲ ರಾತ್ರಿ ಎರಡು ಎಲೆ ಕೈಗೆ ಬಂದಾಗ ಎದೆ ಹೊಡೆದುಕೊಂಡದ್ದು ನಿಜ.

ನಾನು ಸೋಲುತ್ತಿದ್ದೆ. ಒಂದೆರಡು ಸಲವಲ್ಲ, ಮೇಲಿಂದ ಮೇಲೆ. ಕಥೆ ಕಾದಂಬರಿ ಓದಿ ಬೆಳೆದವಳು, ಮನುಷ್ಯರ ಮುಖ ಓದಬಲ್ಲೆ, ಸುಳ್ಳಾಡುವವನ ಕಣ್ಣು ಗುರುತಿಸಬಲ್ಲೆ, ಇಷ್ಟು ಸಾಕು ಎಂದು ನಂಬಿದ್ದೆ. ಎದುರಿನವರು ಹುಸಿ ಪಂದ್ಯ ಕಟ್ಟಿದ್ದನ್ನು ಎಷ್ಟೋ ಸಲ ಹಿಡಿದೆ ಕೂಡ. ಆದರೂ ತಿಂಗಳ ಕೊನೆಗೆ ಕೈ ಖಾಲಿ. ಆ ಗುಂಪಿನಲ್ಲಿ ಧಾರವಾಡದ ಕಡೆಯ ಹುಡುಗಿಯೊಬ್ಬಳು ಇದ್ದಳು, ಟೆಸ್ಟಿಂಗ್ ವಿಭಾಗದವಳು. ಒಂದು ರಾತ್ರಿ ಎಲ್ಲರೂ ಹೋದ ಮೇಲೆ ನಾನು ಸೋತ ಕೈಯನ್ನೇ ಮತ್ತೆ ಮೇಜಿನ ಮೇಲೆ ಹಾಕಿದಳು. ನನ್ನ ಹತ್ತಿರ ಎರಡು ಆಟೀನು, ಮೇಜಿನ ನಾಲ್ಕು ಎಲೆಗಳಲ್ಲಿ ಇನ್ನೆರಡು ಆಟೀನು. ಕೊನೆಯ ಎಲೆ ಆಟೀನು ಬಂದರೆ ಐದೂ ಒಂದೇ ಬಣ್ಣವಾಗಿ ನಾನು ಗೆಲ್ಲುತ್ತಿದ್ದೆ. ನಡುವೆ 300 ಇತ್ತು, ಎದುರಿನವನು ಮತ್ತೆ 300 ಹಾಕಿದ್ದ, ನಾನು 300 ಕೊಟ್ಟು ಮುಂದುವರಿದಿದ್ದೆ.

"ಅಕ್ಕಾರ, ಅವನ ಮಾರಿ ನೋಡಿ ಏನ್ ಮಾಡ್ತೀರಿ? ಎಲಿ ಎಣಸ್ರಿ" ಅಂದಳು. "ನಿಮ್ಮ ಕೈಯಾಗ ಎರಡು, ನಡಕ ನಾಕು, ಆರು ಎಲಿ ಕಂಡಾವ. ಐವತ್ತೆರಡರಾಗ ಉಳದದ್ದು ನಲವತ್ತಾರು. ಆಟೀನ ಒಟ್ಟ ಹದಿಮೂರು, ನಾಕು ಕಂಡಾವ, ಒಂಬತ್ತು ಉಳದಾವ. ಅಂದ್ರ ಐದು ಸಲಕ್ಕ ಒಮ್ಮೆ ಬರ್ತದ. ನೀವು ಮುನ್ನೂರು ಕೊಟ್ಟು ಆರುನೂರಕ್ಕ ಕೈ ಹಾಕೀರಿ, ಅದು ಮೂರು ಸಲಕ್ಕ ಒಮ್ಮೆ ಬಂದ್ರ ಬರೋಬ್ಬರಿ. ಐದಕ್ಕ ಒಮ್ಮೆ ಬರೋದಕ್ಕ ಮೂರಕ್ಕ ಒಮ್ಮೆ ಬರೋದರ ರೇಟು ಕೊಡ್ತೀರೇನು? ಸಂತ್ಯಾಗ ಕಾಯಿಪಲ್ಲೆ ಹಿಂಗ ತಗೋತೀರಿ?"

ಅರ್ಥವಾಯಿತು. ಅರ್ಥವಾದದ್ದೇ ಸಂಕಟ. ನನಗೆ ಅಳು ಬರುವಷ್ಟು ಸಿಟ್ಟು ಬಂತು, ಅವಳ ಮೇಲಲ್ಲ. "ಹೀಗೆ ಆಡಿದ್ರೆ ಆಟದಲ್ಲಿ ಮಜಾ ಏನಿರುತ್ತೆ?" ಎಂದೆ. ಅವಳು ಸುಮ್ಮನೆ ಎಲೆಗಳನ್ನು ಜೋಡಿಸಿ ಕಟ್ಟಿದಳು. ಆಮೇಲೆ ಎಷ್ಟೋ ತಿಂಗಳು ಅವಳು ಹೇಳಿಕೊಟ್ಟದ್ದನ್ನು ನಾನು ಬಳಸಲಿಲ್ಲ. ಬೇಕಂತಲೇ ಬಳಸಲಿಲ್ಲ.

ಆ ತಿಂಗಳುಗಳ ಬಗ್ಗೆ ಆಮೇಲೆ ತುಂಬ ಯೋಚಿಸಿದ್ದೇನೆ. ಲೆಕ್ಕ ಕಷ್ಟವಾದದ್ದರಿಂದ ನಾನು ಬೇಡ ಅನ್ನಲಿಲ್ಲ. ನಲವತ್ತಾರರಲ್ಲಿ ಒಂಬತ್ತು ಎಷ್ಟು ಎಂಬುದು ಐದನೇ ಕ್ಲಾಸಿನ ಮಗುವಿಗೂ ಬರುತ್ತದೆ. ಲೆಕ್ಕ ಬಂದರೆ ಸೋಲಿಗೆ ಯಜಮಾನರು ಸಿಕ್ಕಿಬಿಡುತ್ತಾರೆ, ತೊಂದರೆ ಅದು. ಎಲೆ ಬೀಳಲಿಲ್ಲ ಎಂದಾಗ ನಾನು ದೈವದಿಂದ ನೊಂದವಳು, ಜೊತೆಗಿದ್ದವರು ನನ್ನ ಬೆನ್ನು ತಟ್ಟುತ್ತಾರೆ. ಐದಕ್ಕೊಂದರ ಎಲೆಗೆ ಮೂರಕ್ಕೊಂದರ ಬೆಲೆ ಕೊಟ್ಟೆ ಎಂದಾಗ ಬೆನ್ನು ತಟ್ಟುವವರಿಲ್ಲ. ಮಹಡಿ ಕೋಣೆಯ ಗಂಡಸರು ಲೆಕ್ಕದ ಮಾವನನ್ನು ದೂರ ಇಟ್ಟದ್ದು ಅವರು ಗೆಲ್ಲುತ್ತಾರೆಂದಲ್ಲ. ಅವರಿರುವ ಕೋಣೆಯಲ್ಲಿ ಕೈಗುಣದ ಮಾತು ಆಡುವುದು ಕಷ್ಟವಾಗುತ್ತಿತ್ತು, ಅದಕ್ಕೆ.

ನನ್ನ ಹಟ ಸಡಿಲವಾದದ್ದು ನಾನು ನಂಬಿದ್ದ ಸಾಹಿತ್ಯದಿಂದಲೇ. ಒಂದು ದಸರಾ ರಜೆಗೆ ಊರಿಗೆ ಬಂದಿದ್ದೆ. ಧಾರವಾಡದ ಗೆಳತಿಯನ್ನೂ ಕರೆದುಕೊಂಡು ಬಂದಿದ್ದೆ. ಅವಳ ಕಡೆ ಬನ್ನಿ ಎಲೆ ಕೈಗೆ ಕೊಟ್ಟು, ಬನ್ನಿ ತಗೊಂಡು ಬಂಗಾರದಂಗ ಇರೋಣ ಎನ್ನುವ ರೂಢಿ. ನಮ್ಮ ಬೀದಿಯ ಮುದುಕಿಯರಿಗೆಲ್ಲ ಹಾಗೆ ಕೊಟ್ಟು ಬಂದಳು. ಪಾಂಡವರು ಆಯುಧಗಳನ್ನು ಬನ್ನಿ ಮರದಲ್ಲಿ ಬಚ್ಚಿಟ್ಟ ಕಥೆಯನ್ನು ಅಜ್ಜಿ ಅವಳಿಗೆ ಹೇಳುತ್ತಿದ್ದರು. ಕೇಳುತ್ತ ಕೂತ ನನಗೆ ಆ ಕಥೆಯ ಹಿಂದಿನ ತುಂಡು ನೆನಪಾಯಿತು. ಪರೀಕ್ಷೆಗೆಂದು ಓದಿ, ಅಂಕ ತೆಗೆದುಕೊಂಡು ಮರೆತದ್ದು.

ಜೂಜಿನಲ್ಲಿ ಎಲ್ಲ ಕಳೆದುಕೊಂಡ ಧರ್ಮರಾಯ ಕಾಡಿನಲ್ಲಿ ಬೃಹದಶ್ವ ಋಷಿಯ ಮುಂದೆ, ನನ್ನಂಥ ನಿರ್ಭಾಗ್ಯ ಯಾರಿದ್ದಾರೆ ಎಂದು ಗೋಳಾಡುತ್ತಾನೆ. ಋಷಿ ನಳನ ಕಥೆ ಹೇಳುತ್ತಾನೆ. ಕನಕದಾಸರು ಕನ್ನಡಕ್ಕೆ ತಂದ ನಳಚರಿತ್ರೆ ಓದಿದವರಿಗೆ ಕಥೆ ಗೊತ್ತು. ಪಗಡೆಯಲ್ಲಿ ರಾಜ್ಯ ಸೋತು, ರೂಪ ಕಳೆದುಕೊಂಡು, ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣ ರಾಜನ ಸಾರಥಿಯಾಗಿದ್ದಾನೆ ನಳ. ಮಹಾಭಾರತದ ವನಪರ್ವದಲ್ಲಿ ಒಂದು ಪ್ರಸಂಗವಿದೆ. ವಿದರ್ಭಕ್ಕೆ ಹೋಗುವ ದಾರಿಯಲ್ಲಿ ಋತುಪರ್ಣ ಒಂದು ತಾರೆ ಮರ ನೋಡಿ, ಅದರಲ್ಲಿ ಎಲೆ ಇಷ್ಟು, ಕಾಯಿ ಇಷ್ಟು ಎಂದು ಹೇಳಿಬಿಡುತ್ತಾನೆ. ಆ ಕಾಲದ ಜೂಜಿನ ದಾಳಗಳು ಅದೇ ಮರದ ಕಾಯಿಗಳು. ನಳ ನಂಬುವುದಿಲ್ಲ. ರಥ ನಿಲ್ಲಿಸಿ, ಇಳಿದು, ಎಣಿಸುತ್ತಾನೆ. ಸಂಖ್ಯೆ ಸರಿಯಾಗಿದೆ. ಬೆರಗಾಗಿ, ಆ ವಿದ್ಯೆ ನನಗೆ ಕೊಡು, ಬದಲಿಗೆ ಕುದುರೆಗಳ ವಿದ್ಯೆ ಕೊಡುತ್ತೇನೆ ಎನ್ನುತ್ತಾನೆ. ಅಕ್ಷಹೃದಯ ಎಂಬ ಆ ವಿದ್ಯೆ ನಳನಿಗೆ ಸಿಕ್ಕಿದ ಗಳಿಗೆಯಲ್ಲೇ ಅವನ ಮೈಯೊಳಗೆ ಸೇರಿದ್ದ ಕಲಿ ವಿಷ ಕಾರುತ್ತ ಹೊರಗೆ ಬರುತ್ತಾನೆ. ಕಥೆ ಮುಗಿದ ಮೇಲೆ ಬೃಹದಶ್ವ ಅದೇ ವಿದ್ಯೆಯನ್ನು ಧರ್ಮರಾಯನಿಗೂ ಕಲಿಸುತ್ತಾನೆ. ಆಮೇಲೆಯೇ ಅಜ್ಞಾತವಾಸ, ಬನ್ನಿ ಮರ. ವಿರಾಟನ ಆಸ್ಥಾನದಲ್ಲಿ ಧರ್ಮರಾಯ ಪಗಡೆ ಬಲ್ಲ ಕಂಕನಾಗಿ ಸೇರಿಕೊಳ್ಳುತ್ತಾನೆ. ಉಳಿದ ತಮ್ಮಂದಿರ ಆಯುಧ ಮರದ ಮೇಲಿತ್ತು. ಅಣ್ಣನ ಹೊಸ ಆಯುಧ ತಲೆಯಲ್ಲಿತ್ತು.

ಬನ್ನಿ ಮರದ ಹೆಸರಿನ ಊರಲ್ಲಿ ಹುಟ್ಟಿ, ಆ ಕಥೆಯನ್ನು ಓದಿ, ಗಣಿತ ಹೃದಯವಿಲ್ಲದವರದ್ದು ಎಂದು ನಾನು ಹೇಳಿಕೊಂಡು ತಿರುಗಿದ್ದೆ. ಸಂಭಾವ್ಯತೆಯ ಗಣಿತ 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಜೂಜಿನ ಒಂದು ಪ್ರಶ್ನೆಯ ಮೇಲೆ ಬರೆದುಕೊಂಡ ಪತ್ರಗಳಿಂದ ಶುರುವಾಯಿತು ಎಂದು ಪಠ್ಯಗಳು ಹೇಳುತ್ತವೆ. ಇರಲಿ. ಎಣಿಸುವುದನ್ನು ಕಲಿತವನ ಮೈಯಿಂದ ಕಲಿ ಇಳಿದು ಹೋದ ಎಂದು ಕಂಡವರು ನಮ್ಮಲ್ಲೂ ಇದ್ದರು. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿ ಗ್ರಂಥದ ಒಂದು ಭಾಗವನ್ನೇ ಕೌತುಕನಿಧಿ ಎಂದು ಆಟಗಳಿಗೆ ಮೀಸಲಿಟ್ಟರು. 36ರಿಂದ 360 ಎಲೆಗಳವರೆಗಿನ ಗಂಜೀಫಾ ಆಟಗಳನ್ನು ಕಟ್ಟಿದರು. ಚದುರಂಗದ ಕುದುರೆ 64 ಮನೆಗಳಿಗೂ ಒಂದೊಂದೇ ಸಲ ಹೋಗಿ ಬರುವ ದಾರಿಗಳನ್ನು ಹುಡುಕುತ್ತ ಕೂತರು. ಬ್ರಿಟಿಷರು ರಾಜ್ಯವನ್ನು ಕೈಗೆ ತೆಗೆದುಕೊಂಡ ದೀರ್ಘ ವರ್ಷಗಳಲ್ಲಿ ಆ ಅರಸರಿಗೆ ಅಂಕಿಗಳು ಎಂಥ ಜೊತೆಯಾಗಿದ್ದಿರಬೇಕು.

ಕಲಿಯುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ, ಬೇಗವೂ ಆಗಲಿಲ್ಲ. ಊಟದ ಮೇಜಿನ ಮೇಲೆ ಒಂದು ಕಟ್ಟು ಎಲೆ, ಒಂದು ನೂರು ಪುಟದ ನೋಟ್‌ಬುಕ್. ಗೆಳತಿ ಹೇಳಿಕೊಟ್ಟ ಒಂದು ಉಪಾಯದಿಂದ ಶುರು ಮಾಡಿದೆ: ನಮಗೆ ಬೇಕಾದ ಎಲೆ ಎಷ್ಟು ಉಳಿದಿವೆಯೋ, ಇನ್ನೊಂದೇ ಎಲೆ ಬರುವುದಿದ್ದರೆ ಅದನ್ನು ಎರಡರಿಂದ, ಎರಡು ಎಲೆ ಬರುವುದಿದ್ದರೆ ನಾಲ್ಕರಿಂದ ಗುಣಿಸಬೇಕು. ನೂರಕ್ಕೆ ಎಷ್ಟು ಎಂಬುದು ಹೆಚ್ಚು ಕಡಿಮೆ ಸಿಕ್ಕಿಬಿಡುತ್ತದೆ. ಆಮೇಲೆ ಹಿಂದಕ್ಕೆ ಹೋದೆ. 52 ಎಲೆಗಳಿಂದ ಎರಡನ್ನು 1,326 ಬಗೆಯಲ್ಲಿ ಹಂಚಬಹುದು, ಅವುಗಳಲ್ಲಿ ಜೋಡಿ ಬರುವುದು 78, ಅಂದರೆ 17 ಸಲಕ್ಕೊಮ್ಮೆ. ಎಕ್ಕದ ಜೋಡಿ 221 ಸಲಕ್ಕೊಮ್ಮೆ. ಐದೈದು ಎಲೆಗಳ ಕೈಗಳಾದರೆ 25,98,960. ಈ ಕೊನೆಯ ಸಂಖ್ಯೆಯನ್ನು ನಾನೇ ಗುಣಿಸಿ ಭಾಗಿಸಿ ಪಡೆದ ರಾತ್ರಿ ಎದ್ದು ಬಾಲ್ಕನಿಗೆ ಹೋಗಿ ನಿಂತೆ. ಬೋರ್ಡಿನ ಮುಂದೆ ನಿಂತಿದ್ದ ಹುಡುಗಿಗೆ ಯಾರಾದರೂ ಇದನ್ನು ಇಸ್ಪೀಟಿನ ಎಲೆಗಳಲ್ಲಿ ಹೇಳಿಕೊಟ್ಟಿದ್ದರೆ ಎಂದು ಮನಸ್ಸು ತುಂಬಿ ಬಂತು.

ಆಟ ಬದಲಾಯಿತು. ಗೆಲುವು ಹೆಚ್ಚಾದದ್ದಕ್ಕಿಂತ ಎಲೆ ಕೆಳಗಿಟ್ಟು ಕೂರುವುದು ಹೆಚ್ಚಾಯಿತು. ಹತ್ತು ಕೈಯಲ್ಲಿ ಏಳೆಂಟನ್ನು ಬಿಟ್ಟು ಕೂತರೆ ಎದುರಿನವರ ಆಟ ನೋಡಲು ಪುರಸೊತ್ತು ಸಿಗುತ್ತದೆ. ಮುಖ ಓದುವ ನನ್ನ ಹಳೆಯ ಅಭ್ಯಾಸ ನಿಜವಾಗಿ ಕೆಲಸಕ್ಕೆ ಬಂದದ್ದು ಆಗ. ಶುಕ್ರವಾರದ ಗೆಳೆಯರಿಗೆ ಮಾತ್ರ ನನ್ನ ಮೇಲೆ ಮುನಿಸು. "ನೀವು ಮೊದಲಿನ ಹಾಗಿಲ್ಲ" ಎಂದು ಒಬ್ಬ ಹೇಳಿದ. ಲೆಕ್ಕದ ಮಾವನಿಗೆ ಎಷ್ಟು ಒಂಟಿತನ ಇದ್ದಿರಬಹುದು ಎಂದು ಅವತ್ತು ತಿಳಿಯಿತು. ಅವರು ಆ ಹೊತ್ತಿಗೆ ತೀರಿಕೊಂಡಿದ್ದರು.

2013ರ ಅಕ್ಟೋಬರಿನಲ್ಲಿ ಕರ್ನಾಟಕ ಹೈಕೋರ್ಟು, ಕೌಶಲದ ಆಟವಾಗಿ ಆಡುವಾಗ ಪೋಕರಿಗೆ ಪರವಾನಗಿ ಬೇಕಿಲ್ಲ ಎಂದಿತು. ರಮ್ಮಿಯ ವಿಷಯ ಅದಕ್ಕೂ ಹಳೆಯದು. ಅರವತ್ತರ ದಶಕದ ಕೊನೆಯಲ್ಲೇ ಸುಪ್ರೀಂ ಕೋರ್ಟು ಅದನ್ನು ಮುಖ್ಯವಾಗಿ ಕೌಶಲದ ಆಟವೆಂದು ಹೇಳಿ, ಮೂರೆಲೆಯಂಥ ಬರೀ ಅದೃಷ್ಟದ ಆಟದಿಂದ ಬೇರೆ ಮಾಡಿತ್ತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು, ಬೀಳುವ ಎಲೆಗಳನ್ನು ನೆನಪಿಡಬೇಕು ಎಂಬುದು. ಆ ತೀರ್ಪು ಓದಿದಾಗ ನನಗೆ ಆ ಎರಡು ಆಟೀನು ಏಳುಗಳು ನೆನಪಾದವು. ಆದರೆ ಕೌಶಲದ ಆಟ ಎಂಬ ಮಾತನ್ನೇ ಜಾಹೀರಾತು ಮಾಡಿಕೊಂಡು ಆಮೇಲೆ ಮೊಬೈಲಿಗೆ ಬಂದ ಆಟಗಳ ಬಗ್ಗೆ ನನಗೆ ಮರುಕವಿಲ್ಲ. ಅಲ್ಲಿ ಪ್ರತಿ ಕೈಯಿಂದಲೂ ಆಟ ನಡೆಸುವವರು ಇಷ್ಟಂತ ತೆಗೆದುಕೊಳ್ಳುತ್ತಿದ್ದರು. ಹಾಗೆ ಸಮಬಲದವರು ಆಡುತ್ತಲೇ ಹೋದರೆ ಕೊನೆಗೆ ಇಬ್ಬರೂ ಸೋತಿರುತ್ತಾರೆ, ಗೆದ್ದವರು ಮೇಜಿನಲ್ಲಿ ಕೂತೇ ಇರುವುದಿಲ್ಲ. ಈ ಒಂದು ಕಳೆಯುವ ಲೆಕ್ಕ ಕಲಿತ ದಿನ ನಾನು ದುಡ್ಡಿಟ್ಟು ಆಡುವುದನ್ನು ಬಿಟ್ಟೆ. ಅಕ್ಕನ ಮಗನಿಗೆ ಕಳಿಸಿದ ಹಾಳೆಯ ಕೊನೆಯಲ್ಲಿ ಇದ್ದದ್ದು ಅದೇ ಲೆಕ್ಕ. ಕಾನೂನು ಅವನನ್ನು ನಿಲ್ಲಿಸಿತು, ಒಳ್ಳೆಯದೇ ಆಯಿತು. ಅವನೇ ಎಣಿಸಿ ನಿಲ್ಲಿಸಿದ್ದರೆ ಆ ವಿದ್ಯೆ ಸಾಲದ ಆ್ಯಪ್‌ಗಳ ಮುಂದೆ, ಶೇರು ಪೇಟೆಯ ಟಿಪ್ಸ್ ಕೊಡುವವರ ಮುಂದೆ ಕೂಡ ಅವನ ಜೊತೆಗೇ ಇರುತ್ತಿತ್ತು.

ಅಮ್ಮ ತೀರಿಕೊಂಡ ವರ್ಷ ಬನ್ನಿಮಂಟಪದ ಮನೆಯ ಟ್ರಂಕು ತೆಗೆದಾಗ ಹಳೆಯ ಕ್ಯಾಲೆಂಡರುಗಳು ಸಿಕ್ಕವು. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಎಲ್ಲ ಅಮ್ಮನ ಕೈಬರಹ. ಶನಿವಾರಗಳ ಕೆಳಗೆ ಪೆನ್ಸಿಲಿನ ಚುಕ್ಕೆಗಳು. ಕೆಲವಕ್ಕೆ ಒಂದು ಚುಕ್ಕೆ, ಕೆಲವಕ್ಕೆ ಮೂರು, ನಾಲ್ಕು. ಅಕ್ಕನಿಗೆ ಗೊತ್ತಿತ್ತು. ಅಣ್ಣ ಸೋತು ಬಂದ ರಾತ್ರಿ ಹತ್ತು ರೂಪಾಯಿಗೆ ಒಂದು ಚುಕ್ಕೆ. ಅಮ್ಮ ಅಣ್ಣನಿಗೆ ಅದನ್ನು ಒಮ್ಮೆಯೂ ತೋರಿಸಿರಲಿಲ್ಲ. ಆ ವರ್ಷಗಳಲ್ಲಿ ನಮ್ಮ ಪಕ್ಕದ ಸೈಟು ಅಗ್ಗಕ್ಕೆ ಬಂದಿತ್ತು, ತೆಗೆದುಕೊಳ್ಳಲು ಆಗಿರಲಿಲ್ಲ. ಅಣ್ಣನ ಬೆನ್ನಿಗೆ ಒರಗಿ ಕೂತ ಆ ಸುಖದ ರಾತ್ರಿಗಳನ್ನು ಅಮ್ಮ ಅಡುಗೆಮನೆಯ ಗೋಡೆಯಲ್ಲಿ ಎಣಿಸುತ್ತಿದ್ದಳು. ಆ ರಾತ್ರಿಗಳು ನನಗೆ ಈಗಲೂ ಪ್ರಿಯ. ಅವುಗಳ ಬೆಲೆ ಕೊಟ್ಟವಳು ಅಮ್ಮ ಎಂಬುದೂ ಅಷ್ಟೇ ನಿಜ.

ಅಣ್ಣನ ಮುಂದೆ ಕ್ಯಾಲೆಂಡರ್ ಇಟ್ಟೆ. ಬಹಳ ಹೊತ್ತು ನೋಡಿದರು. "ಸರಿಯಾಗೇ ಹಾಕಿದ್ದಾಳೆ" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ನಿನ್ನ ಅಕ್ಕನ ಮದುವೆಗೆ ಛತ್ರದ ದುಡ್ಡು ಸಾಲದೆ ಬಂದಾಗ ಆ ಬುಕಿಂಗ್ ಆಫೀಸಿನವನು ರಾತ್ರೋರಾತ್ರಿ ತಂದು ಕೊಟ್ಟ. ಅದಕ್ಕೆ ಎಲ್ಲಿ ಚುಕ್ಕೆ ಹಾಕ್ತೀಯ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಆದರೆ ಲೆಕ್ಕದ ಮಾವನೂ ಆ ಮದುವೆಗೆ ಬಂದು ಇಡೀ ದಿನ ಮುಯ್ಯಿಯ ಪಟ್ಟಿ ಬರೆದುಕೊಟ್ಟಿದ್ದರು, ಅವರನ್ನು ಯಾಕೆ ಯಾರೂ ಸ್ನೇಹಿತ ಎನ್ನಲಿಲ್ಲ ಎಂದು ಕೇಳಿದೆ. ಅಣ್ಣ ಅದಕ್ಕೆ ಏನೂ ಹೇಳಲಿಲ್ಲ.

ಈಗ ಬನ್ನಿಮಂಟಪದ ಮನೆಯಲ್ಲೇ ಇದ್ದೇನೆ. ಭಾನುವಾರ ಬೀದಿಯ ಮಕ್ಕಳು ಚೌಕಾಬಾರಕ್ಕೆ ಬರುತ್ತಾರೆ. ಆಡುವ ಮೊದಲು ಪ್ರತಿಯೊಬ್ಬರೂ ಅಜ್ಜಿಯ ಕವಡೆಗಳನ್ನು ಇಪ್ಪತ್ತು ಸಲ ಹಾಕಿ, ಏನು ಬಿತ್ತು ಎಂದು ಗೆರೆ ಎಳೆದು ಬರೆಯಬೇಕು. ಗೋಡೆಯ ಮೇಲೆ ಅಂಟಿಸಿದ ದೊಡ್ಡ ಹಾಳೆಯಲ್ಲಿ ಎರಡರ ಸಾಲು ಉಳಿದವಕ್ಕಿಂತ ಉದ್ದ ಬೆಳೆದಿದೆ. ಬಾರದ ಸಾಲು ಮಾತ್ರ ಚೌಕದ ಸಾಲಿಗಿಂತ ಮುಂದಿದೆ, ಕವಡೆಗಳು ಬೋರಲು ಬೀಳುವುದೇ ಹೆಚ್ಚು. ಎರಡನೇ ಕ್ರಾಸಿನ ಏಳನೇ ಕ್ಲಾಸಿನ ಹುಡುಗಿ ಮೂರು ವಾರ ಬರೆಯಲು ಒಪ್ಪಲಿಲ್ಲ, ನನಗೆ ಮ್ಯಾಥ್ಸ್ ಬರಲ್ಲ ಆಂಟಿ, ಸುಮ್ನೆ ಆಡ್ತೀನಿ ಅಂದಳು. ಆಡು ಎಂದೆ. ಹೋದ ಭಾನುವಾರ ಅವಳೇ ಹಾಳೆಯ ಮುಂದೆ ನಿಂತು, ಒಂದೊಂದು ಕವಡೆಗೂ ಬೇರೆ ಬೇರೆ ಪಟ್ಟಿ ಮಾಡಬೇಕಿತ್ತು, ಎಲ್ಲ ಸೇರಿಸಿದ್ದು ತಪ್ಪು ಎಂದು ದೊಡ್ಡವರ ಜೊತೆ ಜಗಳ ತೆಗೆದಳು. ಅವಳು ಹೇಳಿದ್ದು ಸರಿ. ಈ ವಾರ ನಾಲ್ಕು ಕವಡೆಗಳಿಗೂ ಉಗುರುಬಣ್ಣದಲ್ಲಿ ಒಂದೊಂದು ಗುರುತು ಹಾಕಿ, ಹೊಸ ಹಾಳೆ ಅಂಟಿಸಬೇಕು.